ಎಂಟನೆಯ ತೂತಿನ ಮೊಳೆ

ಹುಬ್ಬಳ್ಳಿಯ ರೈಲು ಟೆಲಿಫೋನ್ ರಿಪೇರಿಯ ಶಾಪಿನಲ್ಲಿ ಅರ್ಜುನಪ್ಪನವರ ಮೇಜು ಉತ್ತರದ ಕಿಟಕಿಗೆ ಹತ್ತಿಕೊಂಡಿತ್ತು. ಬಿಸಿಲು ನೇರವಾಗಿ ಬೀಳದ, ಆದರೆ ದಿನವಿಡೀ ಬೆಳಕು ಇರುವ ಜಾಗ. ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಚಿಮಟ, ಗ್ರೀಸಿನ ಡಬ್ಬಿ, ಕೂದಲು ಸವೆದ ಬ್ರಷ್ಷು, ಮತ್ತು ಸ್ಟೇಶನ್ನುಗಳ ಪಟ್ಟಿ ಅಂಟಿಸಿದ ಒಂದು ರಟ್ಟು. ಈಗ ಅಂಚಿಗೆ ಚುಚ್ಚಿರುವ ದಬ್ಬಣ ಆಗ ಇರಲಿಲ್ಲ. ಅದು ಬಂದದ್ದು 1963ರಲ್ಲಿ.

ಅವರ ಹುದ್ದೆಯ ಹೆಸರು ಟೆಸ್ಟರ್. ಕೆಲಸ ನೋಡುವುದು. ಬೇರೆಯವರು ಕೂಡಿಸಿದ ಯಂತ್ರವನ್ನು ಪಟ್ಟಿಯೊಡನೆ ತಾಳೆ ನೋಡಿ, ‘ಪರೀಕ್ಷಿಸಲಾಗಿದೆ, ಸರಿ ಇದೆ’ ಎಂದು ಬರೆದು ಸಹಿ ಮಾಡಬೇಕು. ಆ ಸಹಿ ಆಗದೆ ಯಂತ್ರ ಶಾಪಿನ ಬಾಗಿಲು ದಾಟುವಂತಿಲ್ಲ.

ಯಂತ್ರವೆಂದರೆ ಸೆಲೆಕ್ಟರ್ ಎನ್ನುವ ಒಂದು ಗಾಜಿನ ಮುಚ್ಚಳದ ಪೆಟ್ಟಿಗೆ. ಅದು ಏಕೆ ಬೇಕು ಎನ್ನುವುದನ್ನು ಹೊಸಬರಿಗೆ ಅರ್ಜುನಪ್ಪ ಹೀಗೆ ಹೇಳುತ್ತಿದ್ದರು: “ಒಂದ ಭಾವಿ, ಇಪ್ಪತ್ತೆಂಟು ಕೊಡ.” ಗಾಡಿಗಳಿಗೆ ಅಪ್ಪಣೆ ಕೊಡುವ ಹುಬ್ಬಳ್ಳಿಯ ಕಂಟ್ರೋಲ್ ಕೋಣೆಯಿಂದ ಹೊರಟ ಎರಡೇ ಎರಡು ತಂತಿ ಹಳಿಯ ಪಕ್ಕದ ಕಂಬಗಳ ಮೇಲೆ ಇಪ್ಪತ್ತೆಂಟು ಸ್ಟೇಶನ್ನುಗಳನ್ನು ಮುಟ್ಟಿಕೊಂಡು ಹೋಗುತ್ತಿತ್ತು. ಎಲ್ಲ ಸ್ಟೇಶನ್ನಿನ ಟೆಲಿಫೋನೂ ಅದಕ್ಕೇ ಜೋತುಬಿದ್ದಿತ್ತು. ಯಾರು ಫೋನು ಎತ್ತಿದರೂ ಎಲ್ಲರ ಮಾತೂ ಕೇಳುತ್ತಿತ್ತು. ಯಾವ ಊರಲ್ಲಿ ಗೂಡ್ಸ್ ಗಾಡಿ ನಿಂತಿದೆ ಎನ್ನುವುದರ ಜೊತೆಗೆ ಯಾವ ಸ್ಟೇಶನ್ ಮಾಸ್ತರರ ಮಗಳಿಗೆ ಯಾವ ಊರಿನ ಗಂಡು ಗೊತ್ತಾಗಿದೆ ಎನ್ನುವುದೂ ಇಡೀ ಮಾರ್ಗಕ್ಕೆ ತಿಳಿಯುತ್ತಿತ್ತು.

ಹೀಗಿರುವಾಗ ಒಂದೇ ಸ್ಟೇಶನ್ನಿನ ಗಂಟೆ ಹೊಡೆಯಬೇಕಾದರೆ ಹೇಗೆ? ಅದಕ್ಕೆ ಸೆಲೆಕ್ಟರಿನೊಳಗೆ ಒಂದು ಹಿತ್ತಾಳೆಯ ಗಾಲಿ. ಜೇಬು ಗಡಿಯಾರದಷ್ಟು ಅಗಲ. ಅಂಚಿನ ಸುತ್ತ ಹದಿನಾರು ತೂತು. ಪ್ರತಿ ಗಾಲಿಗೆ ಎರಡು ಮೊಳೆ. ಕಂಟ್ರೋಲಿನವನು ಕೀಲಿ ತಿರುಗಿಸಿದರೆ ತಂತಿಯಲ್ಲಿ ಹದಿನೇಳು ಬಡಿತ ಹೋಗುತ್ತವೆ, ಮೂರು ಕಂತಿನಲ್ಲಿ. ಐದು, ಏಳು, ಐದು ಎಂದಿಟ್ಟುಕೊಳ್ಳಿ. ಮೊದಲ ಐದಕ್ಕೆ ಇಪ್ಪತ್ತೆಂಟು ಗಾಲಿಗಳೂ ಐದು ಹೆಜ್ಜೆ ತಿರುಗುತ್ತವೆ. ಆಮೇಲೆ ಕ್ಷಣದ ಬಿಡುವು. ಐದನೆಯ ತೂತಿನಲ್ಲಿ ಮೊಳೆ ಇರುವ ಗಾಲಿ ಅಲ್ಲೇ ತಡೆದು ನಿಲ್ಲುತ್ತದೆ. ಉಳಿದವು ಹೊರಟ ಜಾಗಕ್ಕೆ ಜಾರಿ ಮರಳುತ್ತವೆ. ಮತ್ತೆ ಏಳು ಬಡಿತ; ಹನ್ನೆರಡರಲ್ಲಿ ಮೊಳೆ ಇದ್ದರೆ ನಿಂತೀತು, ಇಲ್ಲದಿದ್ದರೆ ಜಾರೀತು. ಕೊನೆಯ ಐದಕ್ಕೆ ಹದಿನೇಳನೆಯ ಹೆಜ್ಜೆ ಮುಟ್ಟುವುದು ಒಂದೇ ಗಾಲಿ. ಗಂಟೆ ಅಲ್ಲಿ ಹೊಡೆಯುತ್ತದೆ. ಮೊಳೆಗಳು ಎಲ್ಲಿವೆ ಎನ್ನುವುದೇ ಆ ಸ್ಟೇಶನ್ನಿನ ವಿಳಾಸ.

ಪರೀಕ್ಷೆಗೆ ಒಂದು ಪದ್ಧತಿ ಇತ್ತು. ಮೊಳೆ ಕೂಡಿಸಿದ ಮೆಕ್ಯಾನಿಕ್ ಯಂಕಣ್ಣ ಪಟ್ಟಿ ಹಿಡಿದು ಕೂಗಬೇಕು, ಅರ್ಜುನಪ್ಪ ಗಾಲಿ ನೋಡಿ ಹೇಳಬೇಕು.

“ಐದು?”

“ಐತಿ.”

“ಹನ್ನೆರಡು?”

“ಐತಿ.”

ಆಮೇಲೆ ಆ ಗಾಲಿಯನ್ನು ಮೇಜಿನ ಬ್ಯಾಟರಿಗೆ ಹಚ್ಚಿ ಅದರ ಸಂಖ್ಯೆ ಬಡಿದರೆ ಗಂಟೆ ಹೊಡೆಯಬೇಕು. ಹೊಡೆಯಿತು, ಸಹಿ ಬಿತ್ತು, ಮುಂದಿನದು ಬಂತು. ಹಿಂದಿನ ಟೆಸ್ಟರೂ ಹೀಗೇ ಮಾಡುತ್ತಿದ್ದರು, ಅವರ ಹಿಂದಿನವರೂ ಹೀಗೇ.

ಅರ್ಜುನಪ್ಪನವರ ಮನೆ ಗೋಪನಕೊಪ್ಪದಲ್ಲಿ. ತಂದೆ ಮೈಲಾರಪ್ಪ ರೈಲು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಹೊತ್ತವರು. ಪ್ರತಿ ತಿಂಗಳು ಪಗಾರದ ಹಾಳೆಗೆ ಹೆಬ್ಬಟ್ಟು ಒತ್ತಿದವರು. ಮಗ ಅರ್ಜುನಪ್ಪ 1948ರಲ್ಲಿ ಖಲಾಸಿಯಾಗಿ, ಎಂದರೆ ಕೈಯಾಳಾಗಿ, ಸೇರಿದರು. ಏಳನೆಯ ಇಯತ್ತೆ ಪಾಸಾಗಿದ್ದರಿಂದ ಟೆಲಿಫೋನ್ ಶಾಪಿಗೆ ಕಳಿಸಿದರು. 1957ರ ಬೇಸಿಗೆಯಲ್ಲಿ ಟೆಸ್ಟರ್ ಆದರು. ಅದೇ ವರ್ಷ ಅವರ ಮನೆಯ ಪಡಸಾಲೆಗೆ ಬುದ್ಧನ ಚಿತ್ರ ಬಂತು. ಓಣಿಯಲ್ಲಿ ಸರಕಾರಿ ಕಾಗದದ ಮೇಲೆ ತಾನು ನೋಡಿದ್ದಕ್ಕೆ ತಾನೇ ಸಹಿ ಹಾಕುವ ಮೊದಲ ಮನುಷ್ಯ ಅವರು. ಸಹಿಯನ್ನು ಪೂರ್ತಿ ಹೆಸರಿನಲ್ಲಿ ಮಾಡುತ್ತಿದ್ದರು. ಗಡಿಬಿಡಿಯಿದ್ದರೂ ಒಂದಕ್ಷರ ಬಿಡುತ್ತಿರಲಿಲ್ಲ.

1962ರ ಮಳೆಗಾಲದಲ್ಲಿ ಮಾರ್ಗದ ಮೇಲೆ ಮೂರು ಹೊಸ ಸ್ಟೇಶನ್ನುಗಳಾದವು. ಇಪ್ಪತ್ತೈದು ಇದ್ದದ್ದು ಇಪ್ಪತ್ತೆಂಟು. ಸಂಖ್ಯೆಗಳನ್ನು ಹೊಸದಾಗಿ ಹಂಚಬೇಕಾಯಿತು. ಹಳೆಯ ಗಾಲಿಗಳೆಲ್ಲ ಶಾಪಿಗೆ ಬಂದವು. ಯಂಕಣ್ಣ ಹಳೆಯ ಮೊಳೆ ಕಿತ್ತು ಹೊಸ ಜಾಗದಲ್ಲಿ ಹೊಡೆದರು, ಅರ್ಜುನಪ್ಪ ನೋಡಿದರು. ನಾಲ್ಕು ದಿನದಲ್ಲಿ ಇಪ್ಪತ್ತೆಂಟು ಗಾಲಿ. ಇಪ್ಪತ್ತೆಂಟೂ ತಮ್ಮ ತಮ್ಮ ಸಂಖ್ಯೆಗೆ ಗಂಟೆ ಹೊಡೆದವು. ಇಪ್ಪತ್ತೆಂಟು ಸಹಿ.

ಅದರಲ್ಲಿ ಒಂದು ಬೆಣ್ಣಿಮಡ್ಡಿಯದು. ಹುಬ್ಬಳ್ಳಿಯಿಂದ ಎರಡು ತಾಸಿನ ದಾರಿ, ಒಂದು ನೀರಿನ ಟಾಕಿ, ನಾಲ್ಕು ಬೇವಿನ ಗಿಡ. ಅಲ್ಲಿಯ ಮಾಸ್ತರ ಅಹಮದಸಾಬ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು.

ಡಿಸೆಂಬರಿನ ಕೊನೆಯ ವಾರದಲ್ಲಿ ಅಹಮದಸಾಬ ಶಾಪಿಗೆ ಬಂದರು. ಕೋಟಿನ ಗುಂಡಿ ಕೊರಳತನಕ ಹಾಕಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಅವರ ಮೇಲೆ ಬಂದಿರುವ ಆರೋಪ ಶಾಪಿಗೆ ಮೊದಲೇ ಗೊತ್ತಿತ್ತು. ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಕಂಟ್ರೋಲಿನವರು ಬೆಣ್ಣಿಮಡ್ಡಿಯನ್ನು ಕರೆದರು. ಗಂಟೆ ಹೊಡೆದ ಸದ್ದು ತಂತಿಯಲ್ಲಿ ಅವರಿಗೆ ಮರಳಿ ಕೇಳಿತು. ಯಾರೂ ಎತ್ತಲಿಲ್ಲ. ಗೂಡ್ಸ್ ಗಾಡಿಯನ್ನು ಪಕ್ಕದ ಹಳಿಗೆ ತೆಗೆದುಕೊಳ್ಳುವ ಅಪ್ಪಣೆ ಮುಟ್ಟಲಿಲ್ಲ. ಹಿಂದಿನ ಪ್ಯಾಸೆಂಜರ್ ಗಾಡಿ ಬಯಲಿನಲ್ಲಿ ಐವತ್ತೆರಡು ನಿಮಿಷ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ‘ಕೆಲಸದ ಜಾಗದಲ್ಲಿ ಇರಲಿಲ್ಲ’ ಎಂಬ ಆರೋಪಕ್ಕೆ ಶಿಕ್ಷೆ ಒಂದೇ, ನೌಕರಿಯಿಂದ ತೆಗೆಯುವುದು. ವಿಚಾರಣೆ ಜನವರಿ ಹದಿನೇಳಕ್ಕೆ.

“ಬರ್ರಿ ಮಾಸ್ತರ,” ಎಂದರು ಬಾಗಿಲ ಹತ್ತಿರದ ಮೆಕ್ಯಾನಿಕ್ ಒಬ್ಬರು. “ಗಾಡಿ ಬಿಟ್ಟು ಗಂಟಿ ಹಿಡಕೊಂಡು ಬಂದೀರಲ್ಲ.”

“ಗಂಟಿ ನನ್ನ ಹಿಡಕೊಂಡೈತಿ ತಮ್ಮಾ. ನಾ ಅದನ್ನ ಹಿಡಕೊಂಡಿಲ್ಲ.”

“ನಿದ್ದಿಗಣ್ಣಾಗ ಎಲ್ಲಾ ಗಂಟಿನೂ ಒಂದ ನಮೂನಿ ಕೇಳತಾವ್ರಿ,” ಎಂದರು ಯಂಕಣ್ಣ. ನಗೆ ಎದ್ದಿತು. ಅಹಮದಸಾಬರೂ ಸ್ವಲ್ಪ ನಕ್ಕರು. ನೇರ ಅರ್ಜುನಪ್ಪನವರ ಮೇಜಿಗೆ ಬಂದು, ಚೀಲದಿಂದ ಸ್ಟೇಶನ್ ಡೈರಿ ತೆಗೆದಿಟ್ಟರು.

“ನಾ ಅಲ್ಲೇ ಇದ್ದೆನ್ರಿ ಅರ್ಜುನಪ್ಪನವರ. ಗಂಟಿ ಕೇಳಿದೆ. ಎತ್ತಲಿಲ್ಲ. ಯಾಕಂದ್ರ ಆ ಗಂಟಿ ನವೆಂಬರದಾಗಿಂದ ಮಂದಿಗೆ ಕರದ್ರೂ ಹೊಡ್ಯಾಕತ್ತೈತಿ. ಎತ್ತಿದ್ರ ಕಂಟ್ರೋಲಿನವ ಜಾಲಿಗುಂಡಿ ಮಾಸ್ತರ ಕೂಡ ಮಾತಾಡಾಕತ್ತಿರ್ತಾನ. ‘ನಿಮ್ಮನ್ನ ಯಾರು ಕರದಾರ್ರಿ? ಇನ್ನೊಮ್ಮೆ ನಡುವ ಬಾಯಿ ಹಾಕಿದ್ರ ಬರದ ಹಾಕ್ತೇನಿ’ ಅಂದ, ಹತ್ತನೇ ತಾರೀಖಿಗೆ. ಹನ್ನೊಂದಕ್ಕ ಗಂಟಿ ಹೊಡೀತು. ಇನ್ನೊಮ್ಮೆ ಹೊಡದ್ರ ಎತ್ತೂಣು ಅಂತ ನಿಂತೆ. ಇನ್ನೊಮ್ಮೆ ಹೊಡೀಲಿಲ್ಲ.”

“ಲೈನ್ ನೋಡಾವ ಬಂದಿದ್ದನಲ್ಲ?”

“ಎರಡು ಸಲ ಬಂದ. ಮಧ್ಯಾಹ್ನದ ಗಾಡಿಗೆ ಬಂದು, ನನ್ನ ನಂಬರ ಹೊಡಸಿದ. ಗಂಟಿ ಹೊಡೀತು. ಸರಿ ಐತಿ ಅಂತ ಬರದ, ಚಹಾ ಕುಡದ, ಹೋದ.”

“ಗಾಲಿ ಸರಿ ಇತ್ರಿ ಮಾಸ್ತರ. ನಾ ನೋಡೇನಿ.”

“ನೋಡಿದ್ದು ಖರೇ. ಗಂಟಿ ಹೊಡದದ್ದೂ ಖರೇ. ಎರಡೂ ಖರೇ ಹೆಂಗ ಆಗ್ತೈತಿ, ಅದನ್ನಷ್ಟ ಹೇಳ್ರಿ.” ಅಹಮದಸಾಬ ಚೀಲವನ್ನು ನಾಲ್ಕು ಮಡಿಕೆ ಮಾಡಿದರು. “ಸಾಹೇಬ್ರು ನಿಮ್ಮ ಸಹಿ ನನ್ನ ಮಾರಿ ಮುಂದ ಹಿಡೀತಾರ. ಗಾಲಿ ಸರಿ ಐತಿ, ಮನಷ್ಯಾ ಸರಿ ಇಲ್ಲ ಅಂತಾರ.”

ಅವರು ಹೋದ ಮೇಲೆ ಡೈರಿ ಮೇಜಿನ ಮೇಲೆಯೇ ಇತ್ತು. ಅರ್ಜುನಪ್ಪ ಆ ದಿನ ಅದನ್ನು ತೆರೆಯಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ತೆರೆದರು. ನವೆಂಬರ್ ಹದಿನೆಂಟರಿಂದ ಡಿಸೆಂಬರ್ ಹತ್ತರವರೆಗೆ ‘ಸುಳ್ಳು ಗಂಟೆ’ ಎಂದು ಹನ್ನೊಂದು ಕಡೆ ಬರೆದಿತ್ತು, ಪ್ರತಿಯೊಂದಕ್ಕೂ ವೇಳೆ. ಅವನ್ನು ಒಂದು ಚೀಟಿಗೆ ಇಳಿಸಿಕೊಂಡು ಕಂಟ್ರೋಲ್ ಕೋಣೆಗೆ ಹೋಗಿ, ಯಾವ ಹೊತ್ತಿಗೆ ಯಾವ ಸ್ಟೇಶನ್ನನ್ನು ಕರೆದರು ಎಂಬ ದಾಖಲೆ ಕೇಳಿದರು. ಹತ್ತು ಕೂಡಿಬಂದವು. ಹತ್ತೂ ಜಾಲಿಗುಂಡಿಯ ಕರೆಗಳು. ಹನ್ನೊಂದನೆಯದಕ್ಕೆ ಏನೂ ಸಿಗಲಿಲ್ಲ, ಕೊನೆಯತನಕವೂ ಸಿಗಲಿಲ್ಲ.

ಆದರೆ ಜಾಲಿಗುಂಡಿಯನ್ನು ದಿನಕ್ಕೆ ನಾಲ್ಕೈದು ಸಲ ಕರೆಯುತ್ತಿದ್ದರು. ಇಪ್ಪತ್ತಮೂರು ದಿನದಲ್ಲಿ ನೂರರ ಹತ್ತಿರ ಕರೆ. ಬೆಣ್ಣಿಮಡ್ಡಿಯಲ್ಲಿ ಹೊಡೆದದ್ದು ಹತ್ತೇ ಸಲ. ಗಾಲಿ ತಪ್ಪಿದ್ದರೆ ನೂರು ಸಲವೂ ಹೊಡೆಯಬೇಕಲ್ಲ? ಅರ್ಜುನಪ್ಪ ಚೀಟಿಯನ್ನು ಮತ್ತೆ ನೋಡಿದರು. ಏಳೂ ಕಾಲು. ಏಳೂ ನಲವತ್ತು. ಎಂಟೂ ಹತ್ತು. ಹತ್ತೂ ಕರೆ ಬೆಳಿಗ್ಗೆ ಒಂಬತ್ತರೊಳಗಿನವು. ಲೈನ್ ನೋಡುವವನು ಎರಡು ಸಲವೂ ಮಧ್ಯಾಹ್ನ ಹೋಗಿದ್ದ. ಚಳಿಗೆ ಗಟ್ಟಿಯಾಗುವ ವಸ್ತು ಸೆಲೆಕ್ಟರಿನೊಳಗೆ ಒಂದೇ ಇತ್ತು: ಗ್ರೀಸು.

ಎರಡು ಸಂಖ್ಯೆಗಳನ್ನು ಅವರು ರಟ್ಟಿನ ಪಟ್ಟಿಯಲ್ಲಿ ಒಂದರ ಕೆಳಗೊಂದು ಓದಿದರು. ಬೆಣ್ಣಿಮಡ್ಡಿ ಐದು, ಏಳು, ಐದು: ಮೊಳೆ ಐದರಲ್ಲಿ, ಹನ್ನೆರಡರಲ್ಲಿ. ಜಾಲಿಗುಂಡಿ ಎಂಟು, ನಾಲ್ಕು, ಐದು: ಮೊಳೆ ಎಂಟರಲ್ಲಿ, ಹನ್ನೆರಡರಲ್ಲಿ. ಹನ್ನೆರಡು ಇಬ್ಬರಿಗೂ ಇದೆ. ಬೆಣ್ಣಿಮಡ್ಡಿಯ ಗಾಲಿ ಎಂಟರಲ್ಲಿ ನಿಲ್ಲಬಾರದು. ನಿಂತರೆ ಮಾತ್ರ ಜಾಲಿಗುಂಡಿಯ ಕರೆ ಅಲ್ಲಿಯೂ ಹೊಡೆದೀತು. ರಟ್ಟಿನ ಕೆಳಗೆ ಹಳೆಯ ಪಟ್ಟಿ ಇನ್ನೂ ಇತ್ತು. ಅದನ್ನು ಎಳೆದು ನೋಡಿದರು. ಮಳೆಗಾಲದ ಮುಂಚೆ ಬೆಣ್ಣಿಮಡ್ಡಿಯ ಸಂಖ್ಯೆ ಎಂಟು, ಆರು, ಮೂರು.

ಎಂಟು.

ಶಾಪಿನ ಮುಖ್ಯಸ್ಥರು ಗುರುಸಿದ್ದಯ್ಯ. ಅರ್ಜುನಪ್ಪನವರನ್ನು ಖಲಾಸಿತನದಿಂದ ಮೇಜಿಗೆ ತಂದವರು ಅವರೇ. ಬೆಣ್ಣಿಮಡ್ಡಿಗೆ ಹೋಗಿ ಬರಲು ಪಾಸು ಕೇಳಿದಾಗ ಅವರು ಕನ್ನಡಕ ತೆಗೆದರು.

“ವಿಚಾರಣೆ ಅವಂದು. ನಿಂದಲ್ಲ.”

“ಗಾಲಿ ನಂದ್ರಿ ಸಾಹೇಬ್ರ.”

“ಇನ್ಸ್‌ಪೆಕ್ಟರ್ ಪಟ್ಟಿಯಾಗ ನಿನ್ನ ಹೆಸರು ಐತಿ. ಮುಂದಿನ ತಿಂಗಳು ಆರ್ಡರ್ ಬರ್ತೈತಿ. ಈಗ ಕುಂತಲ್ಲೆ ಕುಂಡ್ರೂದು ಛಲೋ.”

“ನೋಡಿ ಬಂದು ಕುಂಡ್ರತೇನ್ರಿ.”

ಗುರುಸಿದ್ದಯ್ಯ ಪಾಸು ಬರೆದರು.

ಜನವರಿ ಎಂಟರ ಸಂಜೆಯ ಗಾಡಿಗೆ ಹೋಗಿ, ಮರುದಿನ ಬೆಳಿಗ್ಗೆ ಏಳಕ್ಕೆ ಅರ್ಜುನಪ್ಪ ಬೆಣ್ಣಿಮಡ್ಡಿಯ ಮಾಸ್ತರರ ಕೋಣೆಯಲ್ಲಿ ಕುಳಿತರು. ಹೊರಗೆ ಮಂಜು ಇತ್ತು. ಅಹಮದಸಾಬರ ಹೆಂಡತಿ ಕರೀಮಾಬಿ ಹಿತ್ತಾಳೆಯ ಲೋಟದಲ್ಲಿ ಚಹಾ ತಂದಿಟ್ಟರು. ಹೋಗುವ ಮುಂಚೆ ಗೋಡೆಯ ಪೆಟ್ಟಿಗೆಯನ್ನು ನೋಡಿ, “ಇದ ನೋಡ್ರಿ ನಮ್ಮ ಮನಿ ಸವತಿ,” ಎಂದರು.

ಕಂಟ್ರೋಲಿನವರಿಗೆ ಮೊದಲೇ ಹೇಳಿಟ್ಟಿತ್ತು. ಜಾಲಿಗುಂಡಿಯ ಸಂಖ್ಯೆಯನ್ನು ಹತ್ತು ಹತ್ತು ನಿಮಿಷಕ್ಕೊಮ್ಮೆ ಬಡಿಯಬೇಕು. ಗಾಜಿನ ಮುಚ್ಚಳದೊಳಗೆ ಗಾಲಿ ಎಂಟು ಹೆಜ್ಜೆ ಹೋಗುವುದು, ಜಾರಿ ಮರಳುವುದು. ಮೊದಲ ಸಲ ಹೊಡೆಯಲಿಲ್ಲ. ಎರಡನೆಯದಕ್ಕೂ ಇಲ್ಲ. ನಾಲ್ಕಾದವು.

“ಇವತ್ತ ಅದಕ್ಕ ನಾಚಿಕಿ ಬಂದೈತೇನ ಮತ್ತ,” ಎಂದರು ಅಹಮದಸಾಬ. ಅವರ ಧ್ವನಿ ಸಣ್ಣದಾಗಿತ್ತು.

“ತಡೀರಿ.”

ಐದನೆಯ ಸಲ ಗಾಲಿ ಎಂಟರಲ್ಲಿ ನಡುಗಿ ನಿಂತಿತು. ನಾಲ್ಕು ಹೆಜ್ಜೆ, ಹನ್ನೆರಡು. ಐದು ಹೆಜ್ಜೆ. ಗಂಟೆ ಹೊಡೆಯಿತು.

ಅಷ್ಟರಲ್ಲಿ ಏಳೂ ಐವತ್ತರ ಗಾಡಿ ಕೂಗಿತು. ಅಹಮದಸಾಬ ಹಸಿರು ಬಾವುಟ ತೆಗೆದುಕೊಂಡು ಪ್ಲಾಟ್‌ಫಾರ್ಮಿಗೆ ಓಡಿದರು.

ಅರ್ಜುನಪ್ಪ ಮುಚ್ಚಳ ಬಿಚ್ಚಿದರು. ಗಾಲಿಯನ್ನು ಹೊರತೆಗೆದು ಕಿಟಕಿಗೆ ಹಿಡಿದರು. ಎಂಟನೆಯ ತೂತು ಉಳಿದ ಖಾಲಿ ತೂತುಗಳಂತೆಯೇ ಗ್ರೀಸು ತುಂಬಿ ಕಪ್ಪಗಿತ್ತು. ಭೂತಗನ್ನಡಿಯಲ್ಲೂ ಹಾಗೆಯೇ ಕಂಡಿತು. ಕೋಣೆಯ ಮೂಲೆಯಲ್ಲಿ ಕರೀಮಾಬಿ ಕೌದಿ ಹೊಲಿಯುವ ದಬ್ಬಣ ಒಂದು ಗೋಡೆಗೆ ಚುಚ್ಚಿತ್ತು. ಅದನ್ನು ತೆಗೆದುಕೊಂಡು ಒಂದೊಂದೇ ತೂತಿನಲ್ಲಿ ಇಳಿಸಿದರು. ಏಳರಲ್ಲಿ ಆಚೆ ಹೋಯಿತು. ಎಂಟರಲ್ಲಿ ಹೋಗಲಿಲ್ಲ. ಒಳಗೆ ಕಬ್ಬಿಣವಿತ್ತು. ಹಳೆಯ ಮೊಳೆ ಕೀಳುವಾಗ ತಲೆ ಮುರಿದು ತುಂಡು ಒಳಗೇ ಉಳಿದಿತ್ತು. ಅಂಚಿನಿಂದ ಕೂದಲೆಳೆಯಷ್ಟು ಮೇಲೆ. ಬಿಸಿಲೇರಿದ ಮೇಲೆ ಗಾಲಿ ಅದನ್ನು ದಾಟಿ ಜಾರುತ್ತಿತ್ತು. ಗ್ರೀಸು ಗಟ್ಟಿಯಾದ ಬೆಳಗುಗಳಲ್ಲಿ ಒಮ್ಮೊಮ್ಮೆ ತಡೆಯುತ್ತಿತ್ತು.

ಆಗಸ್ಟಿನಲ್ಲಿ ಯಂಕಣ್ಣ ಐದು ಎಂದು ಕೂಗಿದ್ದರು, ಹನ್ನೆರಡು ಎಂದು ಕೂಗಿದ್ದರು. ಎಂಟು ಎಂದು ಯಾರೂ ಕೂಗಿರಲಿಲ್ಲ. ಕೂಗಲು ಪಟ್ಟಿಯಲ್ಲಿ ಎಂಟು ಇರಲಿಲ್ಲ.

ಹೊರಗೆ ಗಾಡಿ ಇನ್ನೂ ನಿಂತಿತ್ತು. ಜೇಬಿನಲ್ಲಿ ಚಿಮಟ ಇತ್ತು. ತುಂಡನ್ನು ಎಳೆದು ಹಳಿಗೆ ಎಸೆದರೆ ಗಾಲಿ ಸರಿ, ಸಹಿಯೂ ಸರಿ. ಅರ್ಜುನಪ್ಪ ಗಾಲಿಯನ್ನು ಹಾಗೆಯೇ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಜೊತೆಗೆ ತಂದಿದ್ದ ಇನ್ನೊಂದು ಗಾಲಿಗೆ ಎರಡು ಮೊಳೆ ಹೊಡೆದು ಕೂಡಿಸಿದರು.

“ಏನರ ಸಿಕ್ತೇನ್ರಿ?” ಎಂದು ಅಹಮದಸಾಬ ಬಾವುಟ ಸುತ್ತುತ್ತ ಒಳಬಂದರು.

“ಗಾಲಿ ಒಯ್ಯಾಕತ್ತೇನಿ. ಇನ್ನ ಹೊಡ್ಯೂದಿಲ್ಲ.”

“ನಂದೇನಾತು ಅದಕ?”

“ಹದಿನೇಳಕ್ಕ ನಾನೂ ಬರ್ತೇನಿ,” ಎಂದಷ್ಟೇ ಹೇಳಿ ಅರ್ಜುನಪ್ಪ ಹಿಂದಿರುಗುವ ಗಾಡಿಗೆ ಹತ್ತಿದರು.

ಶಾಪಿನಲ್ಲಿ ಗುರುಸಿದ್ದಯ್ಯ ಗಾಲಿಯನ್ನು ಬೆಳಕಿಗೆ ಹಿಡಿದು, ದಬ್ಬಣ ಚುಚ್ಚಿ, ಮೇಜಿನ ಮೇಲಿಟ್ಟರು.

“ಹೊಸಾ ಗಾಲಿ ಹಾಕಿ ಬಂದಿ. ಗಂಟಿ ಇನ್ನ ಸುಳ್ಳು ಹೇಳೂದಿಲ್ಲ. ಮುಗೀತು.”

“ಅಹಮದಸಾಬಂದು ಮುಗ್ಯೂದಿಲ್ರಿ. ಅವನ ಮ್ಯಾಲಿನ ದೊಡ್ಡ ಸಾಕ್ಷಿ ನನ್ನ ಸಹಿ.”

“ನಾ ಸಾಹೇಬ್ರ ಕಿವ್ಯಾಗ ಒಂದು ಮಾತು ಹಾಕ್ತೇನಿ.”

“ಕಾಗದದ ಮ್ಯಾಲ ಇದ್ದದ್ದನ್ನ ಮಾತು ತೆಗೀತೈತೇನ್ರಿ?”

ಗುರುಸಿದ್ದಯ್ಯ ಗಾಲಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. “ಮೊಳಿ ಮುರದಾವ ಯಂಕಣ್ಣ. ಅವನ ಹೆಸರು ಬರೀ,” ಎಂದರು. ಆಚೆ ಮೇಜಿನಲ್ಲಿ ಯಂಕಣ್ಣನವರ ಕೈ ನಿಂತಿತು.

“ಮೊಳಿ ಮುರೀತಾವ್ರಿ. ಮುರದದ್ದನ್ನ ನೋಡಾಕ ನನಗ ಪಗಾರ ಕೊಡ್ತಾರ.”

ಗೋಪನಕೊಪ್ಪದ ಮನೆಯಲ್ಲಿ ಅಂದು ಸಂಜೆ ಹೆಂಡತಿ ಶೇವಂತೆವ್ವ ರೊಟ್ಟಿ ಬಡಿಯುತ್ತಿದ್ದರು. ಇನ್ಸ್‌ಪೆಕ್ಟರ್ ಆದರೆ ರೈಲಿನವರ ಕ್ವಾರ್ಟರ್ಸಿನಲ್ಲಿ ನಳದ ನೀರಿನ ಮನೆ ಸಿಗುತ್ತಿತ್ತು. ಆ ಮನೆಯನ್ನು ಶೇವಂತೆವ್ವ ಎರಡು ಸಲ ಹೋಗಿ ಹೊರಗಿನಿಂದ ನೋಡಿ ಬಂದಿದ್ದರು. ಅರ್ಜುನಪ್ಪ ಎಲ್ಲವನ್ನೂ ಹೇಳಿದರು.

“ಅಂದ್ರ, ನಿಮ್ಮ ಸಹಿ ತಪ್ಪಾತು ಅಂತ ನೀವ ಇನ್ನೊಂದು ಸಹಿ ಮಾಡ್ತೀರಿ.”

“ಹೌದು.”

“ಛಲೋ ನೌಕರಿ ನಿಮ್ದು.” ರೊಟ್ಟಿ ಹಂಚಿಗೆ ಬಿತ್ತು. “ಅವ ಮಾಸ್ತರಗ ಮಕ್ಕಳೆಷ್ಟು?”

“ಕೇಳಲಿಲ್ಲ.”

“ಕೇಳಬ್ಯಾಡ್ರಿ. ಕೇಳಿದ್ರೂ ಅದ, ಬಿಟ್ರೂ ಅದ.”

ಕಟ್ಟೆಯ ಮೇಲೆ ಕುಳಿತಿದ್ದ ಮೈಲಾರಪ್ಪ ಒಳಗಿನ ಮಾತು ಕೇಳಿಸಿಕೊಳ್ಳುತ್ತಿದ್ದರು. “ಮೂವತ್ತು ವರ್ಷ ಹೆಬ್ಬಟ್ಟು ಒತ್ತೇನಿ,” ಎಂದರು, ಯಾರನ್ನೂ ನೋಡದೆ. “ಕಾಗದದಾಗ ಏನೈತಿ ಅಂತ ಒಬ್ಬರೂ ಹೇಳಲಿಲ್ಲ. ತಪ್ಪಿದ್ರ ಅದು ಅವರ ತಪ್ಪು. ನಿನಗ ಓದಾಕ ಬರ್ತೈತಿ. ಅದ ನಿನ್ನ ತ್ರಾಸು.”

ವರದಿಯನ್ನು ಅರ್ಜುನಪ್ಪ ಒಂದೇ ಹಾಳೆಯಲ್ಲಿ ಬರೆದರು. ಆಗಸ್ಟಿನಲ್ಲಿ ತಾವು ನೋಡಿದ್ದು ಏನು, ನೋಡದೆ ಬಿಟ್ಟದ್ದು ಏನು, ಜನವರಿ ಒಂಬತ್ತರ ಬೆಳಿಗ್ಗೆ ಕಂಡದ್ದು ಏನು. ಕ್ಷಮೆ ಕೇಳುವ ವಾಕ್ಯ ಅದರಲ್ಲಿ ಇರಲಿಲ್ಲ. ಕೊನೆಗೆ ಪೂರ್ತಿ ಹೆಸರಿನ ಸಹಿ.

ವಿಚಾರಣೆ ನಡೆಸಲು ಬಂದ ಅಧಿಕಾರಿ ಬೇರೆ ಊರಿನವರು. ಹಾಳೆಯನ್ನು ಎರಡು ಸಲ ಓದಿದರು. ಆಗಸ್ಟಿನ ಹಾಳೆಯನ್ನು ಅದರ ಪಕ್ಕದಲ್ಲಿಟ್ಟರು.

“ಈ ಸಹಿ ಯಾರದು?”

“ನಂದ್ರಿ.”

“ಗಾಲಿ ಸರಿ ಇದೆ ಎಂದು ಬರೆದವರು?”

“ನಾನ್ರಿ.”

“ಸರಿ ಇರಲಿಲ್ಲ ಎಂದು ಹೇಳುತ್ತಿರುವವರು?”

“ಅವನೂ ನಾನ ರೀ.”

“ಎರಡರಲ್ಲಿ ಯಾವ ಅರ್ಜುನಪ್ಪನನ್ನು ನಂಬಬೇಕು?”

“ಇಬ್ಬರನ್ನೂ ಬಿಡ್ರಿ ಸಾಹೇಬ್ರ. ಗಾಲಿ ಮೇಜಿನ ಮ್ಯಾಲ ಐತಿ. ದಬ್ಬಣ ತಂದೇನಿ.”

ಅಧಿಕಾರಿ ತಾವೇ ದಬ್ಬಣ ಹಿಡಿದು ಚುಚ್ಚಿದರು. ಏಳರಲ್ಲಿ ಇಳಿಯಿತು, ಎಂಟರಲ್ಲಿ ಇಳಿಯಲಿಲ್ಲ. ಒಂಬತ್ತರಲ್ಲಿಯೂ ಚುಚ್ಚಿ ನೋಡಿದರು. ಮೂಲೆಯ ಬೆಂಚಿನಲ್ಲಿ ಅಹಮದಸಾಬ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಮೊಳೆ ಎಲ್ಲಿತ್ತು ಎನ್ನುವುದು ಅವರಿಗೆ ತಿಳಿದದ್ದು ಆಗಲೇ.

ತೀರ್ಪು ಹದಿನೈದು ದಿನಕ್ಕೆ ಬಂತು. ಮಾಸ್ತರ ಜಾಗದಲ್ಲಿ ಇರಲಿಲ್ಲ ಎಂಬ ಆರೋಪ ಬಿದ್ದುಹೋಯಿತು. ಗಂಟೆ ಕೇಳಿಯೂ ಎತ್ತದೇ ಇದ್ದುದಕ್ಕೆ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ನೌಕರಿ ಉಳಿಯಿತು. ಅದೇ ಟಪಾಲಿನಲ್ಲಿ ಬಂದ ಇನ್ನೊಂದು ಕಾಗದದ ಪ್ರಕಾರ ಇನ್ಸ್‌ಪೆಕ್ಟರ್ ಪಟ್ಟಿಯಲ್ಲಿ ಅರ್ಜುನಪ್ಪನವರ ಹೆಸರು ಇರಲಿಲ್ಲ. ಆ ವರ್ಷ ಇರಲಿಲ್ಲ, ಮರುವರ್ಷವೂ ಇರಲಿಲ್ಲ. ನಳದ ನೀರಿನ ಮನೆ ಬೇರೆಯವರಿಗೆ ಹೋಯಿತು. ಶೇವಂತೆವ್ವ ಅದರ ಮುಂದೆ ಹಾಯುವ ದಾರಿ ಬಿಟ್ಟು ಸಂತೆಗೆ ಸುತ್ತು ಹಾಕಿ ಹೋಗುತ್ತಿದ್ದರು ಎಂದು ಓಣಿಯವರು ಹೇಳುತ್ತಾರೆ. ಅವರನ್ನು ಕೇಳಿದರೆ, ಆ ಕಡೆ ನಾಯಿ ಬಹಳ ಎನ್ನುತ್ತಾರೆ.

ಶಾಪಿನಲ್ಲಿ ಪದ್ಧತಿ ಬದಲಾಯಿತು. ಮೊದಲು ಇಪ್ಪತ್ತೆಂಟು ಗಾಲಿಗಳನ್ನೂ ಒಂದೊಂದಾಗಿ ಮರಳಿ ತರಿಸಿ ನೋಡಿದರು. ಇನ್ನೊಂದರಲ್ಲಿಯೂ ತುಂಡು ಸಿಕ್ಕಿತು, ಮೂರನೆಯ ತೂತಿನಲ್ಲಿ. ಅದು ಯಾವ ಸ್ಟೇಶನ್ನಿನ ಸಂಖ್ಯೆಗೂ ತಗಲುತ್ತಿರಲಿಲ್ಲವಾದ್ದರಿಂದ ಎಂದೂ ತೊಂದರೆ ಕೊಟ್ಟಿರಲಿಲ್ಲ. ಮುಂದೆ ಹೊಸ ಸ್ಟೇಶನ್ ಆಗಿದ್ದರೆ ಕೊಡುತ್ತಿತ್ತು. ಆಮೇಲೆ ಯಾವ ಗಾಲಿ ಬಂದರೂ ಹದಿನಾರು ತೂತುಗಳನ್ನೂ ಕೂಗಬೇಕು ಎಂದಾಯಿತು. ಅರ್ಜುನಪ್ಪ ದಬ್ಬಣ ಇಳಿಸಿ ಉತ್ತರ ಕೊಡುತ್ತಿದ್ದರು.

“ಮೂರು?”

“ಖಾಲಿ.”

“ನಾಕು?”

“ಖಾಲಿ.”

“ಐದು?”

“ಐತಿ.”

“ಆರು? ಅರ್ಜುನಣ್ಣಾ, ಇಲ್ಲದ್ದನ್ನ ಎಣಿಸೂದರಾಗ ನಮ್ಮ ಆಯುಷ್ಯ ಹೋತು,” ಎನ್ನುತ್ತಿದ್ದರು ಯಂಕಣ್ಣ.

“ಇದ್ದದ್ದನ್ನ ಎಲ್ಲಾರೂ ನೋಡ್ತಾರಪಾ. ಆರು ಖಾಲಿ. ಮುಂದ.”

ಒಂದು ಗಾಲಿಗೆ ಮೂರು ನಿಮಿಷ ಹಿಡಿಯುತ್ತಿದ್ದದ್ದು ಹತ್ತು ನಿಮಿಷವಾಯಿತು. ಗುರುಸಿದ್ದಯ್ಯ ಒಂದೆರಡು ಸಲ ಬೈದರು. ಪದ್ಧತಿಯನ್ನು ಬದಲಿಸಿ ಎನ್ನಲಿಲ್ಲ. 1965ರಲ್ಲಿ ಅವರು ನಿವೃತ್ತರಾಗುವ ಮುಂಚೆ ಶಾಪಿನ ನಿಯಮಗಳ ಹಾಳೆಯಲ್ಲಿ ಅದನ್ನು ತಮ್ಮ ಕೈಯಿಂದಲೇ ಸೇರಿಸಿದರು. ಯಾರು ತಂದ ಪದ್ಧತಿ ಎಂದು ಬರೆಯಲಿಲ್ಲ. ಅರ್ಜುನಪ್ಪ ಇಂದಿಗೂ ಟೆಸ್ಟರ್. ಮೇಜಿನ ಅಂಚಿಗೆ ಚುಚ್ಚಿರುವ ದಬ್ಬಣ ಕರೀಮಾಬಿಯವರದೇ. ಮರಳಿಸುತ್ತೇನೆ ಎಂದು ತಂದದ್ದು.

ಅಹಮದಸಾಬ 1966ರ ಕೊನೆಯಲ್ಲಿ ನಿವೃತ್ತರಾದರು. ಬೆಣ್ಣಿಮಡ್ಡಿಗೆ ಬಂದ ಹೊಸ ಮಾಸ್ತರ ಹಳೆಯ ಡೈರಿಗಳನ್ನು ಓದುವಾಗ ಒಂದು ವಿಚಿತ್ರ ಕಂಡರು. 1963ರ ಜನವರಿ ಒಂಬತ್ತರಿಂದ ಹಿಡಿದು ಕೊನೆಯ ದಿನದವರೆಗೆ, ಹತ್ತಿರ ಹತ್ತಿರ ನಾಲ್ಕು ವರ್ಷ, ಪ್ರತಿ ದಿನದ ಪುಟದ ಕೆಳಗೆ ಒಂದೇ ಸಾಲು ಇತ್ತು. ಗಾಡಿಗಳ ವೇಳೆ, ಟಾಕಿಯ ನೀರಿನ ಮಟ್ಟ, ದೀಪದ ಎಣ್ಣೆ ಎಲ್ಲ ಬರೆದ ಮೇಲೆ, ಅದೇ ಅಕ್ಷರದಲ್ಲಿ: ‘ಸುಳ್ಳು ಗಂಟೆ ಇಲ್ಲ.’